ಮುಟ್ಟಿದ ಕಾಯಿ

ಚದುರಂಗ ಆಡುವವರಲ್ಲಿ ಮೂರು ಪಂಗಡ. ಜಗಲಿಯ ಮೇಲೆ ಕುಳಿತು ಹೊತ್ತು ಕಳೆಯಲು ಆಡುವವರದು ಒಂದು. ಪತ್ರಿಕೆಯಲ್ಲಿ ಹೆಸರೂ ಚಿತ್ರವೂ ಬರುವಂತೆ ಆಡುವವರದು ಇನ್ನೊಂದು. ಇವರಿಬ್ಬರ ನಡುವೆ, ಅತ್ತ ಸ್ವರ್ಗವೂ ಇಲ್ಲದೆ ಇತ್ತ ಭೂಮಿಯೂ ಇಲ್ಲದೆ ತ್ರಿಶಂಕುವಿನಂತೆ ತೂಗಾಡುವ ಮೂರನೆಯ ಪಂಗಡವೊಂದುಂಟು. ಅದು ಕ್ಲಬ್ಬಿನ ಆಟಗಾರರದು. ನಾನು ಆ ಪಂಗಡದವನು. ಮನೆಯವರು ನನ್ನನ್ನು ದೊಡ್ಡ ಆಟಗಾರನೆಂದು ನಂಬಿದ್ದಾರೆ. ಏಕೆಂದರೆ ಅವರಿಗೆ ಆಟ ಬಾರದು. ನಿಜವಾಗಿ ಆಟ ಬಲ್ಲವರು ನನ್ನ ಆಟವನ್ನು ಕಂಡು ನಗುವುದಿಲ್ಲ. ಏಕೆಂದರೆ ಅವರು ಅದನ್ನು ನೋಡುವುದೇ ಇಲ್ಲ.

ಇದು ಉತ್ಪ್ರೇಕ್ಷೆಯ ಮಾತಲ್ಲ. ಆಟಗಾರನ ಯೋಗ್ಯತೆಯನ್ನು ಅಂಕಿಯಲ್ಲಿ ಹೇಳುವ ಲೆಕ್ಕವೊಂದಿದೆ. ಅರ್ಪಾದ್ ಈಲೋ ಎಂಬ ಅಮೆರಿಕದ ಭೌತಶಾಸ್ತ್ರದ ಪ್ರಾಧ್ಯಾಪಕರು ಹಾಕಿಕೊಟ್ಟ ಆ ಲೆಕ್ಕವನ್ನು ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆ 1970ರಿಂದ ಅನುಸರಿಸುತ್ತ ಬಂದಿದೆ. ಜಗಜಟ್ಟಿಗಳ ಅಂಕಿ 2700ರ ಆಚೆ. ನನ್ನದು 1562. 2024ರ ಮಾರ್ಚಿನಲ್ಲಿ ಫಿಡೆಯವರು 1400ಕ್ಕಿಂತ ಕಡಿಮೆ ಅಂಕಿಯನ್ನೇ ಪಟ್ಟಿಯಿಂದ ತೆಗೆದುಹಾಕಿದರು. ಹಾಗಾಗಿ ಪಾತಾಳಕ್ಕೂ ನನಗೂ ನಡುವೆ ಇರುವುದು 162 ಮೆಟ್ಟಿಲು ಮಾತ್ರ. ಅಂಕಿ ಸುಳ್ಳು ಹೇಳುವುದಿಲ್ಲವೆಂದು ಬಲ್ಲವರು ಹೇಳುತ್ತಾರೆ. ನನ್ನ ವಿಷಯದಲ್ಲಿ ಅದು ಸ್ವಲ್ಪ ದಾಕ್ಷಿಣ್ಯ ತೋರಿಸಬಹುದಾಗಿತ್ತು.

ನಾನು ಈ ಆಟವನ್ನು ಕಲಿತದ್ದು ತಾತನಿಂದ. ಮೈಸೂರಿನಲ್ಲಿ ಹುಟ್ಟಿದವನಿಗೆ ಚದುರಂಗ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನೇ ಅರುವತ್ತನಾಲ್ಕು ಮನೆಗಳಲ್ಲೂ ಒಮ್ಮೊಮ್ಮೆ ಮಾತ್ರ ಕಾಲಿಡುವಂತೆ ನಡೆಸುವ ಬಂಧಗಳನ್ನು ರಚಿಸಿದವರು. ತಾತ ಈ ಮಾತನ್ನು, ಮಹಾರಾಜರು ಆ ಕೆಲಸವನ್ನು ನಮ್ಮ ಜಗಲಿಯಲ್ಲೇ ಕುಳಿತು ಮಾಡಿದರೇನೋ ಎಂಬಷ್ಟು ಅಭಿಮಾನದಿಂದ ಹೇಳುತ್ತಿದ್ದರು. ಅವರ ಆಟವೆಲ್ಲ ಹಳೆಯ ದೇಶೀ ಪದ್ಧತಿಯದು. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ಈಗಿನಂತೆ ಎರಡು ಮನೆ ನೆಗೆಯುವ ಹಾಗಿಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನರು ಆಟ ಕಲಿತದ್ದೂ ದೇಶೀ ಪದ್ಧತಿಯಲ್ಲೇ. ಆಮೇಲೆ ಪಾಶ್ಚಾತ್ಯ ನಿಯಮಗಳನ್ನು ಕಲಿತು, ಇಂಗ್ಲೆಂಡಿಗೆ ಹೋಗಿ, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದುಬಂದರು. ನಾನೂ ಪದ್ಧತಿಯನ್ನು ಬದಲಾಯಿಸಿದೆ. ಹೋಲಿಕೆ ಅಲ್ಲಿಗೆ ಮುಗಿಯಿತು.

ನನಗೆ ಹತ್ತು ವರ್ಷ ಇದ್ದಾಗಿನ ಒಂದು ಸಂಜೆ. ತಾತ ಆಟದ ನಡುವೆ ಎಲೆಯಡಿಕೆ ತರಲು ಒಳಗೆ ಹೋದರು. ನನ್ನ ಕುದುರೆ ಅವರ ಆನೆಯ ಬಾಯಲ್ಲಿ ಸಿಕ್ಕಿಬಿದ್ದಿತ್ತು. ಅದನ್ನು ಮೆಲ್ಲಗೆ ಪಕ್ಕದ ಮನೆಗೆ ಸರಿಸಿ, ಬೀದಿಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯನ್ನು ಬಹು ಶ್ರದ್ಧೆಯಿಂದ ನೋಡುತ್ತ ಕುಳಿತೆ. ತಾತ ಬಂದರು. ಹಾಸಿನ ಮೇಲೆ ಕಣ್ಣಾಡಿಸಿದರು. ಎಲೆಗೆ ಸುಣ್ಣ ಹಚ್ಚಿದರು. ಆಟ ಮುಂದುವರಿಯಿತು, ನಾನು ಗೆದ್ದೆ. ರಾತ್ರಿ ಊಟಕ್ಕೆ ಕುಳಿತಾಗ ಅವರು ಅಜ್ಜಿಗೆ, "ಇವತ್ತು ನಿನ್ನ ಮೊಮ್ಮಗ ನನ್ನ ಸೋಲಿಸಿಬಿಟ್ಟ ಕಣೇ" ಎಂದರು. ಅಜ್ಜಿ ಸಂತೋಷದಿಂದ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ಆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ತಾತನಿಗೆ ತಿಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಇಷ್ಟು ಪೀಠಿಕೆ ಹಾಕಿದ ಮೇಲೆ ಕಥೆಗೆ ಬರುತ್ತೇನೆ.

ನಮ್ಮ ಕ್ಲಬ್ಬು ಎಂದರೆ ಹಿಟ್ಟಿನ ಗಿರಣಿಯ ಮೇಲಿನ ಒಂದು ಉದ್ದನೆಯ ಕೋಣೆ. ಕೆಳಗೆ ಗಿರಣಿ ಓಡುವಾಗ ಮೇಲೆ ಮೇಜು ನಡುಗುತ್ತದೆ. ಭಾನುವಾರ ಗಿರಣಿಗೆ ರಜೆ, ಆದ್ದರಿಂದ ಸ್ಪರ್ಧೆಗಳೆಲ್ಲ ಭಾನುವಾರ. ವಿಶ್ರಾಂತ ಗುಮಾಸ್ತರು, ಔಷಧಿ ಅಂಗಡಿಯವರು, ಒಬ್ಬ ವಕೀಲರು, ಇಬ್ಬರು ಇಂಜಿನಿಯರಿಂಗ್ ಹುಡುಗರು, ಇವರು ಕಾಯಂ ಸದಸ್ಯರು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಚೆನ್ನೈಯ ಹುಡುಗ ಗುಕೇಶ್ 18ನೆಯ ವಯಸ್ಸಿನಲ್ಲೇ ವಿಶ್ವ ಚಾಂಪಿಯನ್ ಆದ ಮೇಲೆ ಮಕ್ಕಳೂ ಬರತೊಡಗಿದ್ದಾರೆ. ಅವರು ಬಂದಾಗಿನಿಂದ ನಮ್ಮಂಥವರ ಅಂಕಿ ಇಳಿಯತೊಡಗಿದೆ.

ಕ್ಲಬ್ಬಿನಲ್ಲಿ ನನ್ನ ಖಾಯಂ ಎದುರಾಳಿ ಮೇಷ್ಟರು. ಪ್ರೌಢಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಅವರ ಅಂಕಿ 1580. ನನ್ನದಕ್ಕಿಂತ 18 ಹೆಚ್ಚು. ಈ ಹದಿನೆಂಟು ನನ್ನ ಜೀವನದ ಮುಳ್ಳು. ಶನಿವಾರದ ಹರಟೆಯಾಟದಲ್ಲಿ ನಾನು ಅವರನ್ನು ಎಷ್ಟೋ ಸಲ ಸೋಲಿಸಿದ್ದೇನೆ. ಆದರೆ ಗಡಿಯಾರ ಇಟ್ಟು, ನಡೆ ಬರೆದುಕೊಂಡು, ತೀರ್ಪುಗಾರರ ಎದುರಿಗೆ ಆಡುವ ವಾರ್ಷಿಕ ಸ್ಪರ್ಧೆಯಲ್ಲಿ ಹನ್ನೊಂದು ವರ್ಷಗಳಿಂದ ಒಂದು ಸಲವೂ ಅವರ ಮೇಲೆ ಗೆದ್ದಿಲ್ಲ. ಮೇಷ್ಟರು ಒಳ್ಳೆಯವರು. ಗೆದ್ದ ಮೇಲೆ ಕಾಯಿಗಳನ್ನು ಮತ್ತೆ ಜೋಡಿಸಿ, ನಾನು ಎಲ್ಲಿ ತಪ್ಪಿದೆನೆಂದು ತೋರಿಸಿಕೊಡುತ್ತಾರೆ. ಸೋತವನಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆ ಇಲ್ಲವೆಂಬುದು ಅವರಿಗೆ ಹೊಳೆದಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಅಭ್ಯಾಸ.

ಅವರು ಹೀಗೆ ಕಲಿಸಿದ ಪಾಠಗಳಲ್ಲಿ ಒಂದನ್ನು ಓದುಗರಿಗೂ ಹೇಳಬೇಕು. ಅದಿಲ್ಲದೆ ಮುಂದಿನ ಕಥೆ ತಿಳಿಯದು. ನಾವು ಒಂಟೆ ಎನ್ನುವ ಕಾಯಿ ಓರೆಯಾಗಿ ನಡೆಯುತ್ತದೆ. ಇಂಗ್ಲಿಷರು ಅದನ್ನು ಪಾದ್ರಿ ಎನ್ನುತ್ತಾರೆ, ಜರ್ಮನರು ಓಟಗಾರ ಎನ್ನುತ್ತಾರೆ, ಫ್ರೆಂಚರು ವಿದೂಷಕ ಎನ್ನುತ್ತಾರೆ. ಹೆಸರು ಏನೇ ಇರಲಿ, ಬಿಳಿ ಮನೆಯಲ್ಲಿ ಹುಟ್ಟಿದ ಒಂಟೆ ಸಾಯುವವರೆಗೂ ಬಿಳಿ ಮನೆಗಳಲ್ಲೇ ನಡೆಯಬೇಕು. ಕಪ್ಪು ಮನೆಯನ್ನು ಅದು ಮುಟ್ಟಲಾರದು. ಈಗ ಒಬ್ಬನ ಬಳಿ ರಾಜ, ಒಂಟೆ, ಒಂದು ಕಾಲಾಳು ಉಳಿದಿವೆ ಎನ್ನಿ. ಎದುರಾಳಿಯ ಬಳಿ ಬರಿಯ ರಾಜ. ಕಾಲಾಳು ಕೊನೆಯ ಮನೆ ಮುಟ್ಟಿ ಮಂತ್ರಿಯಾಗುತ್ತದೆ, ಗೆಲವು ಸಿದ್ಧ ಎಂದು ಯಾರಾದರೂ ಹೇಳುತ್ತಾರೆ. ಆದರೆ ಆ ಕಾಲಾಳು ಹಾಸಿನ ತೀರ ಅಂಚಿನ ಸಾಲಿನದಾಗಿದ್ದು, ಅದು ತಲುಪಬೇಕಾದ ಮೂಲೆಮನೆ ಒಂಟೆಯ ಬಣ್ಣದ್ದಲ್ಲವಾದರೆ, ಗೆಲವು ಇಲ್ಲ. ಬರಿಗೈಯ ರಾಜ ಮೊದಲೇ ಹೋಗಿ ಆ ಮೂಲೆಯಲ್ಲಿ ಕುಳಿತುಬಿಟ್ಟರೆ ಅವನನ್ನು ಎಬ್ಬಿಸುವವರಿಲ್ಲ. ಒಂಟೆ ಆ ಮನೆಯನ್ನು ಕಾಣಲಾರದು. ಬಲವಂತವಾಗಿ ಒತ್ತಿದರೆ, ಶಹವೂ ಇಲ್ಲದೆ ನಡೆಯೂ ಇಲ್ಲದೆ ಅವನು ಸಿಕ್ಕಿಕೊಳ್ಳುತ್ತಾನೆ. ಆಗ ಆಟ ಸಮ. ಒಂದು ಒಂಟೆ, ಒಂದು ಕಾಲಾಳು ಹೆಚ್ಚಿಗೆ ಇದ್ದರೂ ಸಮ. ಮೊದಲ ಸಲ ಇದನ್ನು ತೋರಿಸಿದಾಗ ಮೇಷ್ಟರು, "ಆಸ್ತಿ ಎಷ್ಟಿದ್ರೇನು ಸ್ವಾಮಿ, ಬೇಕಾದ ಮನೆಗೆ ದಾರಿ ಇರ್ಬೇಕು" ಎಂದಿದ್ದರು.

ಈ ಸಲದ ವಾರ್ಷಿಕ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ನನಗೂ ಮೇಷ್ಟರಿಗೂ ಗಂಟುಬಿತ್ತು. ನನಗೆ ಬಿಳಿಯ ಕಾಯಿಗಳು. ಒಬ್ಬೊಬ್ಬರಿಗೆ 60 ನಿಮಿಷ. ಪ್ರತಿ ನಡೆಗೂ ಗಡಿಯಾರ 30 ಸೆಕೆಂಡು ಸೇರಿಸಿಕೊಡುತ್ತದೆ. ಕೈಕುಲುಕಿ ಕುಳಿತೆವು. ಮೇಷ್ಟರು ಎಂದಿನಂತೆ ತಮ್ಮ ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಅವರ ಬೆನ್ನ ಹಿಂದೆ, ಕಿಟಕಿಯ ಪಕ್ಕದಲ್ಲಿ, ನೀರಿನ ಹೂಜಿ. ಅವರಿಗೊಂದು ಅಭ್ಯಾಸ: ಮುಖ್ಯವಾದ ನಡೆ ನಡೆಸಿದ ಕೂಡಲೇ ಎದ್ದು ಹೋಗಿ ನೀರು ಕುಡಿಯುವುದು. ಅವರು ಎದ್ದರೆಂದರೆ ಏನೋ ಕಾದಿದೆ ಎಂದೇ ನಾವು ತಿಳಿಯುತ್ತೇವೆ.

ಮೂವತ್ತು ನಡೆಗಳವರೆಗೆ ಹೇಳಿಕೊಳ್ಳುವಂಥದು ಏನೂ ನಡೆಯಲಿಲ್ಲ. ಮಂತ್ರಿಗಳು ಹೋದರು, ಕುದುರೆಗಳು ಹೋದವು. ಮೇಷ್ಟರು ಮೆಲುದನಿಯಲ್ಲಿ, "ಸಮ ಮಾಡ್ಕೊಳ್ಳೋಣವೇ?" ಎಂದು ಕೇಳಿದರು. ಹನ್ನೊಂದು ವರ್ಷ ನನ್ನ ಕಣ್ಣ ಮುಂದೆ ಸುಳಿಯಿತು. "ಆಡೋಣ ಮೇಷ್ಟ್ರೆ" ಎಂದೆ. ಅವರು ತಲೆಯಾಡಿಸಿದರು. ಆಮೇಲೆ ಏನಾಯಿತೋ, ಐದಾರು ನಡೆಗಳೊಳಗೆ ಅವರು ತಪ್ಪಿದರು. ನನ್ನ ಆನೆ ಒಂದೇ ಏಟಿಗೆ ಅವರ ರಾಜನಿಗೆ ಶಹ ಕೊಟ್ಟು, ಒಂಟೆಯ ಮೇಲೂ ಕಣ್ಣಿಟ್ಟಿತು. ಒಂಟೆ ಹೋಯಿತು. ಮೇಷ್ಟರ ಕಿವಿ ಕೆಂಪಾಯಿತು. ನನ್ನ ಕೈ ನಡುಗುತ್ತಿದ್ದದ್ದು ಅವರಿಗೆ ಕಾಣಬಾರದೆಂದು ಮೇಜಿನ ಕೆಳಗೆ ಇಟ್ಟುಕೊಂಡೆ.

ಸೋಲುತ್ತಿರುವಾಗ ಮೇಷ್ಟರು ಆಡುವ ಆಟವೇ ಬೇರೆ. ಆನೆಗಳನ್ನು ಬದಲಾಯಿಸಿಕೊಂಡರು. ಒಂದೊಂದಾಗಿ ಕಾಲಾಳುಗಳನ್ನು ಬದಲಾಯಿಸಿಕೊಂಡರು. 52ನೆಯ ನಡೆಯ ಹೊತ್ತಿಗೆ ಹಾಸು ಬಯಲಾಗಿತ್ತು. ನನ್ನ ಬಳಿ ರಾಜ, ಬಿಳಿ ಮನೆಗಳ ಒಂಟೆ, ಬಲಗಡೆಯ ಅಂಚಿನಿಂದ ಎರಡನೆಯ ಸಾಲಿನಲ್ಲಿ ಒಂದು ಕಾಲಾಳು. ಅವರ ಬಳಿ ರಾಜ ಮತ್ತು ಒಂದೇ ಒಂದು ಕಾಲಾಳು. ಅದು ಅದೇ ಅಂಚಿನ ಸಾಲಿನಲ್ಲಿ, ಆಟ ಶುರುವಾದಾಗ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತ್ತು. ಎರಡು ಗಂಟೆ ಯುದ್ಧ ನಡೆದರೂ ಅದನ್ನು ಯಾರೂ ಮಾತನಾಡಿಸಿರಲಿಲ್ಲ. ಮೇಷ್ಟರು ಅದನ್ನು ಹಿಡಿದು ಎರಡು ಮನೆ ಮುಂದಕ್ಕೆ, ನನ್ನ ಕಾಲಾಳಿನ ಬಾಯಿಗೆ ನೇರವಾಗಿ ಇಟ್ಟು, ಗಡಿಯಾರದ ಗುಂಡಿ ಒತ್ತಿ, ಎದ್ದು ಹೂಜಿಯ ಕಡೆ ನಡೆದರು.

ಹತ್ತಿರ ಬಂದ ಕಾಯಿಯನ್ನು ಹೊಡೆಯುವುದು ಬುದ್ಧಿಯ ಕೆಲಸವಲ್ಲ, ಕೈಯ ಕೆಲಸ. ನನಗೆ ಇನ್ನೊಂದು ಕೆಟ್ಟ ಚಾಳಿ ಬೇರೆ: ಹೊಡೆಯುವಾಗ ಮೊದಲು ಎದುರಾಳಿಯ ಕಾಯಿಯನ್ನು ಎತ್ತುತ್ತೇನೆ, ಆಮೇಲೆ ನನ್ನದನ್ನು ಇಡುತ್ತೇನೆ. ನನ್ನ ಎರಡು ಬೆರಳು ಅವರ ಕಾಲಾಳಿನ ತಲೆಯನ್ನು ಹಿಡಿದವು. ಹಿಡಿದ ಕ್ಷಣದಲ್ಲೇ ಬುದ್ಧಿ ಎಚ್ಚೆತ್ತಿತು.

ಹೊಡೆದರೆ ನನ್ನ ಕಾಲಾಳು ಪಕ್ಕದ ಸಾಲಿಗೆ, ತೀರ ಅಂಚಿಗೆ ಹೋಗುತ್ತದೆ. ಆ ಸಾಲಿನ ತುದಿಯ ಮೂಲೆಮನೆ ಕಪ್ಪು. ನನ್ನ ಒಂಟೆ ಬಿಳಿಯದು. ಮೇಷ್ಟರ ರಾಜ ಆ ಮೂಲೆಯ ಪಕ್ಕದಲ್ಲೇ ಇದ್ದಾನೆ. ಅಂದರೆ ಸಮ. ಹೊಡೆಯದೆ ನನ್ನ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳಿದರೆ ಅದು ತನ್ನ ಸಾಲಿನಲ್ಲೇ ಉಳಿಯುತ್ತದೆ; ಅವರ ಕಾಲಾಳನ್ನು ಆಮೇಲೆ ನಿಧಾನವಾಗಿ ಕಟ್ಟಿಹಾಕಬಹುದು. ಅಂದರೆ ಗೆಲವು. ಹನ್ನೊಂದು ವರ್ಷದ ಬಾಕಿ ತೀರಿಸುವ ಗೆಲವು. ಬೆರಳುಗಳನ್ನು ಹಿಂದಕ್ಕೆ ತೆಗೆದುಕೊಂಡೆ. ಕಾಲಾಳು ಅಲುಗಲೂ ಇಲ್ಲ.

ಚದುರಂಗದ ನಿಯಮ ಇಲ್ಲಿ ಬಹು ಸ್ಪಷ್ಟವಾಗಿದೆ. ನಡೆಸಬೇಕೆಂದು ತನ್ನ ಕಾಯಿಯನ್ನು ಮುಟ್ಟಿದರೆ ಅದನ್ನೇ ನಡೆಸಬೇಕು. ಎದುರಾಳಿಯ ಕಾಯಿಯನ್ನು ಮುಟ್ಟಿದರೆ, ಸಾಧ್ಯವಿದ್ದಲ್ಲಿ ಅದನ್ನೇ ಹೊಡೆಯಬೇಕು. ನನ್ನ ರಾಜನೂ ಒಂಟೆಯೂ ಅದನ್ನು ಹೊಡೆಯಲಾರದ ಕಡೆ ಇದ್ದವು. ಕಾಲಾಳಿಗೆ ಮಾತ್ರ ಸಾಧ್ಯ. ಆದ್ದರಿಂದ ಆಯ್ಕೆ ಮುಗಿದುಹೋಗಿತ್ತು.

ಮುಗಿದಿತ್ತೇ? ಮೇಷ್ಟರು ಬೆನ್ನು ತಿರುಗಿಸಿ ನೀರು ಕುಡಿಯುತ್ತಿದ್ದರು. ತೀರ್ಪುಗಾರರು ಕೋಣೆಯ ಆ ತುದಿಯಲ್ಲಿ ಇನ್ನೊಂದು ಮೇಜಿನ ಜಗಳ ಬಿಡಿಸುತ್ತಿದ್ದರು. ನನ್ನೊಳಗೊಬ್ಬ ವಕೀಲ ಎದ್ದು ನಿಂತ. "ಕಾಯಿಯನ್ನು ಮನೆಯ ನಡುವೆ ಸರಿಯಾಗಿ ಇಡೋಣವೆಂದು ಮುಟ್ಟಿದೆ ಎನ್ನು" ಎಂದ. ಹಾಗೆ ಮುಟ್ಟುವುದಾದರೆ ಮೊದಲೇ 'ಸರಿಪಡಿಸುತ್ತೇನೆ' ಎಂದು ಹೇಳಬೇಕೆಂಬುದೂ ನಿಯಮವೇ. "ಯಾರಿಗೆ ಹೇಳಬೇಕಾಗಿತ್ತು? ಕೇಳಲು ಯಾರಿದ್ದರು?" ಎಂದ ವಕೀಲ. "ಬೆರಳು ಅಕಸ್ಮಾತ್ತಾಗಿ ತಗುಲಿದರೆ ಲೆಕ್ಕಕ್ಕಿಲ್ಲ" ಎಂದ. ಒಳ್ಳೆಯ ವಕೀಲ, ಒಂದೊಂದು ಮಾತಿನಲ್ಲೂ ತೂಕವಿತ್ತು.

ಆಗ ನಮ್ಮ ಮೇಜಿನ ಎಡಗಡೆಗೆ ಒಬ್ಬ ಹುಡುಗ ನಿಂತಿರುವುದು ಕಾಣಿಸಿತು. ತನ್ನ ಆಟ ಮುಗಿಸಿ ನೋಡಲು ಬಂದವನು, ಹತ್ತು ವರ್ಷದವನಿರಬೇಕು. ಅವನ ಕಣ್ಣು ಹಾಸಿನ ಮೇಲಿತ್ತು. ನನ್ನ ಬೆರಳನ್ನು ನೋಡಿದ್ದನೋ ಇಲ್ಲವೋ ತಿಳಿಯಲಿಲ್ಲ. ಈಗ ತಾನೇ ಬಂದನೋ, ಆಗಿನಿಂದ ನಿಂತಿದ್ದನೋ ಅದೂ ತಿಳಿಯಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಿದ್ದ ತಾತನ ಮುಖದಲ್ಲೂ ಹೀಗೆಯೇ ಏನೂ ಇರಲಿಲ್ಲ.

ನನ್ನ ಗಡಿಯಾರದಲ್ಲಿ ಒಂಬತ್ತು ನಿಮಿಷ ಇತ್ತು. ಅದು ಐದಕ್ಕೆ ಇಳಿಯುವವರೆಗೆ ಕುಳಿತಿದ್ದೆ. ಮೇಷ್ಟರು ಬಂದು ಕುಳಿತು, ಕನ್ನಡಕ ಒರೆಸಿಕೊಂಡು, ಕಾಯತೊಡಗಿದರು. ಕೊನೆಗೆ ನಾನು ಅವರ ಕಾಲಾಳನ್ನು ಎತ್ತಿ ಪಕ್ಕಕ್ಕಿಟ್ಟು, ನನ್ನದನ್ನು ಆ ಮನೆಯಲ್ಲಿ ನಿಲ್ಲಿಸಿ, ಗುಂಡಿ ಒತ್ತಿದೆ.

ಮೇಷ್ಟರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಅವರ ರಾಜ ಅವಸರವಿಲ್ಲದೆ ಮೂಲೆಯ ಕಡೆ ನಡೆದ. ನಾನು ಇಪ್ಪತ್ತು ನಡೆ ಸುತ್ತಮುತ್ತ ಅಲೆದೆ. ಅಲೆಯದಿದ್ದರೆ ಶಾಸ್ತ್ರಕ್ಕೆ ಲೋಪ. ಮೂಲೆಯ ರಾಜ ಒಂದು ಮನೆ ಆಚೆ, ಒಂದು ಮನೆ ಈಚೆ ತೂಗಿಕೊಂಡು ಕುಳಿತಿದ್ದ. ನಾನೇ ಕೈ ಮುಂದೆ ಚಾಚಿದೆ. ಅರ್ಧ ಅಂಕ ಅವರಿಗೆ, ಅರ್ಧ ನನಗೆ. ನಡೆ ಬರೆದ ಕಾಗದಗಳಿಗೆ ಇಬ್ಬರೂ ಸಹಿ ಹಾಕಿದೆವು.

ಮೇಜಿನಿಂದ ಎದ್ದಾಗ ಹುಡುಗ ತಡೆಯಲಾರದೆ ಕೇಳಿದ: "ಅಂಕಲ್, ಕಾಲಾಳನ್ನ ಮುಂದೆ ತಳ್ಳಿದ್ರೆ ಗೆಲ್ತಿದ್ರಲ್ಲ? ಯಾಕೆ ಹೊಡೆದ್ರಿ?"

ಅವನು ನೋಡಿರಲಿಲ್ಲ! ಹಾಸನ್ನು ನೋಡಿದ್ದ, ಬೆರಳನ್ನು ನೋಡಿರಲಿಲ್ಲ. ಲೋಕದಲ್ಲಿ ಯಾರೂ ನೋಡಿರಲಿಲ್ಲ. ನಾನು ಏನು ಹೇಳಲಿ ಎಂದು ತಡವರಿಸುತ್ತಿರುವಾಗ ಅವನೇ ಸಮಾಧಾನ ಹೇಳಿದ: "ಪರವಾಗಿಲ್ಲ ಅಂಕಲ್. ಡಿಂಗ್ ಲಿರೆನ್ ಕೂಡ ಹಾಗೇ ಮಾಡ್ಕೊಂಡ. ಗುಕೇಶ್ ಜೊತೆ 14ನೇ ಆಟದಲ್ಲಿ, 55ನೇ ನಡೇಲಿ ಆನೇನ ತಪ್ಪು ಮನೇಲಿಟ್ಟ. ಆನೆ ಹೋಯ್ತು, ಒಂಟೆ ಹೋಯ್ತು, ಆಟಾನೂ ಹೋಯ್ತು." ಹುಡುಗ ಹೇಳಿದ್ದು ನಿಜ. ಸಮವಾಗಬೇಕಾಗಿದ್ದ ಆಟದಲ್ಲಿ ಹಾಗಾಗಿ, ಹಾಲಿ ವಿಶ್ವ ಚಾಂಪಿಯನ್ನು ಪದವಿಯನ್ನೇ ಕಳೆದುಕೊಂಡ. ಅಂಥವನ ಪಕ್ಕದಲ್ಲಿ ನನ್ನನ್ನು ಕೂರಿಸಿದ್ದು ಮರ್ಯಾದೆಯ ಮಾತೇ. ಆದರೆ ಅವನದು ತಪ್ಪು, ನನ್ನದು ತಪ್ಪಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು.

ಹೇಳುವುದು ಹೇಗೆ? 'ನಾನು ಮುಟ್ಟಿಬಿಟ್ಟಿದ್ದೆ, ಅದಕ್ಕೇ ಹೊಡೆದೆ' ಎಂದರೆ ನನ್ನ ಸತ್ಯಕ್ಕೆ ನಾನೇ ಡಂಗುರ ಹೊಡೆದಂತೆ. ಹೇಳದಿದ್ದರೆ, ಕ್ಲಬ್ಬಿಗೆ ಹೊಸದಾಗಿ ಸೇರಿದ ಮಕ್ಕಳಿಗೂ ತಿಳಿದ ವಿಷಯ ಈ ಮುದುಕನಿಗೆ ತಿಳಿಯದು ಎಂದಂತೆ. ಸುಳ್ಳುಗಾರ ಎನ್ನಿಸಿಕೊಳ್ಳುವುದಕ್ಕೆ ಎಲ್ಲರೂ ಹೆದರುತ್ತಾರೆ. ದಡ್ಡ ಎನ್ನಿಸಿಕೊಳ್ಳುವುದಕ್ಕೆ ಅದಕ್ಕಿಂತಲೂ ಹೆಚ್ಚು ಹೆದರುತ್ತೇವೆಂದು ನನಗೆ ತಿಳಿದದ್ದು ಆಗ.

ಮೇಷ್ಟರು ಅಷ್ಟರಲ್ಲಿ ಕಾಯಿಗಳನ್ನು ಮತ್ತೆ ಜೋಡಿಸಿಬಿಟ್ಟಿದ್ದರು. "ಕೂತ್ಕೊಳ್ಳಿ ಸ್ವಾಮಿ. ನೀವು ತಳ್ಳೇ ತಳ್ತೀರಿ, ನಾನು ಸೋತೆ ಅಂತಾನೇ ನೀರು ಕುಡಿಯೋಕೆ ಹೋದೆ. ಆ ಒಂಟೆ ವಿಷಯ ನಾನು ನಿಮಗೆ ಒಂದ್ಸಲ ಹೇಳಿದ್ದೆ, ಮರೆತ್ರೇನೋ" ಎಂದು, ಒಂಟೆಯನ್ನು ಬಿಳಿ ಮನೆಯಲ್ಲಿಟ್ಟು, ರಾಜನನ್ನು ಕಪ್ಪು ಮೂಲೆಯಲ್ಲಿಟ್ಟು, ಆ ಪಾಠವನ್ನು ಮೊದಲಿನಿಂದ ಪ್ರಾರಂಭಿಸಿದರು. ಹುಡುಗನೂ ಪಕ್ಕದಲ್ಲಿ ನಿಂತು ಕೇಳಿದ. "ಹೌದು ಮೇಷ್ಟ್ರೆ, ಮರೆತಿದ್ದೆ" ಎಂದು ನಾನು ಇಪ್ಪತ್ತು ನಿಮಿಷ ತಲೆಯಾಡಿಸುತ್ತ ಕುಳಿತೆ. ಒಂದು ಸುಳ್ಳು ಉಳಿಸಿದವನು ಇನ್ನೊಂದು ಸುಳ್ಳು ಹೇಳಿದೆ.

ಮನೆಗೆ ನಡೆದು ಬರುತ್ತ ಲೆಕ್ಕ ಹಾಕಿದೆ. ಹುಡುಗ ಅಲ್ಲಿ ನಿಂತಿರದಿದ್ದರೆ ನಾನು ಆ ಕಾಲಾಳನ್ನು ಹೊಡೆಯುತ್ತಿದ್ದೆನೇ? ನನ್ನ ಸತ್ಯ ಹದಿನಾರಾಣೆಯದೆಂದು ಹೇಳಲಾರೆ. ಅದರಲ್ಲಿ ಎಂಟಾಣೆ ಆ ಹುಡುಗನ ಭಯ. ನಾಲ್ಕಾಣೆ ತಾತನ ಸುಣ್ಣದ ಡಬ್ಬಿ. ಮೂರಾಣೆ ಮೇಷ್ಟರ ಮೇಲಿನ ಗೌರವ. ಉಳಿದ ಒಂದಾಣೆ ಮಾತ್ರ ನನ್ನದೇ ಇರಬಹುದೇನೋ. ಆದರೆ ಆಟದ ನಿಯಮ ಇಂಥ ಪಾಲುಪಟ್ಟಿಯನ್ನು ಕೇಳುವುದಿಲ್ಲ. ಯಾವ ಕಾರಣದಿಂದ ನಡೆಸಿದೆ ಎಂದು ಕೇಳದೆ, ಮುಟ್ಟಿದ್ದನ್ನು ನಡೆಸಿದೆಯೋ ಇಲ್ಲವೋ ಎಂದಷ್ಟೇ ಕೇಳುತ್ತದೆ. ಇದು ಅದರ ದೊಡ್ಡ ಕರುಣೆ. ನಮ್ಮಂಥ ಒಂದಾಣೆಯವರೂ ಅದರಿಂದಾಗಿ ಇಡೀ ರೂಪಾಯಿಯಂತೆ ಚಲಾವಣೆಯಾಗುತ್ತೇವೆ.

ಮನೆಯಲ್ಲಿ ಹೆಂಡತಿ, "ಏನಾಯ್ತು? ಗೆದ್ರಾ?" ಎಂದಳು. "ಸಮವಾಯ್ತು" ಎಂದೆ. "ಸದ್ಯ, ಸೋಲಲಿಲ್ಲವಲ್ಲ" ಎಂದು ತಟ್ಟೆ ಹಾಕಿದಳು. ಆ ರಾತ್ರಿ ಊಟ ಗಂಟಲಲ್ಲಿ ಸಲೀಸಾಗಿ ಇಳಿಯಿತು.

ಸ್ವರ್ಗದಲ್ಲಿದ್ದ ಯಯಾತಿ ತನ್ನ ಪುಣ್ಯವನ್ನು ತಾನೇ ಹೊಗಳಿಕೊಂಡು ಕೆಳಕ್ಕೆ ಬಿದ್ದನೆಂದು ಮಹಾಭಾರತ ಹೇಳುತ್ತದೆ. ಕ್ಲಬ್ಬಿನಲ್ಲಿ ಇಷ್ಟು ದಿನ ಬಾಯಿ ಬಿಡದೆ ಇದ್ದವನು ಈಗ ಪತ್ರಿಕೆಯಲ್ಲಿ ಬರೆದುಬಿಟ್ಟೆ. ಇದ್ದ ಒಂದಾಣೆಯೂ ಖರ್ಚಾಯಿತು. ಮೇಷ್ಟರು ಭಾನುವಾರ ಬೆಳಗ್ಗೆ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಓದಿ, ಎದ್ದು, ಒಂದು ಲೋಟ ನೀರು ಕುಡಿಯುತ್ತಾರೆ.